ಕಾಣೆಯಾದ ನಾಯಿ, ಬೆಕ್ಕುಗಳನ್ನು ಬಡಾವಣೆಯ ಮಕ್ಕಳು ಸೇರಿ ಹುಡುಕುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ಮನೆಯ ನಾಯಿಯೋ ಬೆಕ್ಕೋ ಕಾಣೆಯಾದ ಸುದ್ದಿ ಹಬ್ಬಿದೊಡನೆ ಹುಡುಕಲು ಮೊದಲು ಸಿದ್ಧರಾಗುವವರು ಅಕ್ಕಪಕ್ಕದ ಮನೆಗಳ ಮಕ್ಕಳು. ಯಾವ ಕಾಂಪೌಂಡ್ ಗೋಡೆ ಎಲ್ಲಿ ಒಡೆದಿದೆ, ಯಾವ ಖಾಲಿ ಸೈಟಿನಲ್ಲಿ ಬೀದಿನಾಯಿ ಮರಿ ಹಾಕಿದೆ, ಯಾವ ಗೇಟಿನ ಅಡಿಯಲ್ಲಿ ನುಸುಳಲು ಜಾಗವಿದೆ ಎಂಬುದು ಅವರಿಗೆ ತಿಳಿದಷ್ಟು ಹಿರಿಯರಿಗೆ ತಿಳಿದಿರುವುದಿಲ್ಲ. ಆದರೆ ಯಾವ ಸಿದ್ಧತೆಯೂ ಇಲ್ಲದೆ ಹತ್ತಾರು ಮಕ್ಕಳು ಹೆಸರು ಕೂಗುತ್ತ ಬೀದಿಗಿಳಿದರೆ, ಪಕ್ಕದ ಮನೆಯಲ್ಲೇ ಅಡಗಿದ್ದ ಬೆಕ್ಕು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಬೆದರಿದ ನಾಯಿ ಇನ್ನೊಂದು ಬಡಾವಣೆಯನ್ನೇ ಸೇರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಹಂತಗಳಿಗೂ ಆಧಾರ ಒಂದೇ ನಿಯಮ: ನೋಡುವುದು, ಕೇಳುವುದು, ಬರೆದುಕೊಳ್ಳುವುದು ಮಕ್ಕಳ ಕೆಲಸ, ಹಿಡಿಯುವುದು ಹಿರಿಯರ ಕೆಲಸ. ಬೆಂಗಳೂರು, ಮೈಸೂರುಗಳ ಮೇನ್ ಮತ್ತು ಕ್ರಾಸ್‌ಗಳ ಬಡಾವಣೆಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಚಿಕ್ಕ ಊರಿನವರು ಕ್ರಾಸ್ ಎಂದಿರುವಲ್ಲಿ ಕೇರಿ ಎಂದು ಓದಿಕೊಂಡರೆ ಸಾಕು.

ಮಕ್ಕಳನ್ನು ಕರೆಯುವ ಮೊದಲು

ಮೊದಲು ಮನೆಯನ್ನೇ ಹುಡುಕಬೇಕು. ಬಟ್ಟೆಯ ಬೀರು, ದಿವಾನದ ಒಳಗಿನ ಪೆಟ್ಟಿಗೆ, ಅಟ್ಟ, ವಾಷಿಂಗ್ ಮಷಿನ್, ಗ್ಯಾಸ್ ಸಿಲಿಂಡರಿನ ಹಿಂದಿನ ಮೂಲೆ, ತಾರಸಿಯ ನೀರಿನ ಟ್ಯಾಂಕಿನ ಕೆಳಭಾಗ ಇವೆಲ್ಲವನ್ನೂ ಬಾಗಿಲು ತೆರೆದು, ಟಾರ್ಚ್ ಹಾಕಿ ನೋಡಬೇಕು. ಸಂಪಿನ ಮುಚ್ಚಳ ಸರಿದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹಿರಿಯರೇ ಪರೀಕ್ಷಿಸಬೇಕು; ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡಬಾರದು. ಬೀದಿಯ ಹುಡುಕಾಟ ಆರಂಭವಾದ ಮೇಲೆ, ಬೆಕ್ಕು ಮಧ್ಯಾಹ್ನವಿಡೀ ಬೀರುವಿನಲ್ಲಿ ಮಲಗಿತ್ತೆಂದು ತಿಳಿಯುವುದು ಅಪರೂಪವೇನಲ್ಲ.

ಮನೆಯಲ್ಲಿಲ್ಲವೆಂದು ಖಚಿತವಾದ ಮೇಲೆ ನಾಲ್ಕು ವಿಷಯಗಳನ್ನು ಕಾಗದದ ಮೇಲೆ ಬರೆದಿಡಬೇಕು: ಕೊನೆಯದಾಗಿ ಯಾರು ಕಂಡರು, ಎಷ್ಟು ಗಂಟೆಗೆ, ಎಲ್ಲಿ, ಆಗ ಅಲ್ಲಿ ಏನಾಗುತ್ತಿತ್ತು. ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗೇಟು ತೆರೆದಿದ್ದಾಗ ತಾನಾಗಿ ಅಡ್ಡಾಡಲು ಹೊರಟ ನಾಯಿಗೂ ದೀಪಾವಳಿಯ ಪಟಾಕಿಯ ಸದ್ದಿಗೆ ಬೆದರಿ ಓಡಿದ ನಾಯಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ದಿನವೂ ವಾಕಿಂಗ್ ಹೋಗುವ ದಾರಿಯಲ್ಲೋ, ಬಿಸ್ಕತ್ತು ಹಾಕುವ ಅಂಗಡಿಯ ಮುಂದೆಯೋ ಸಿಗುವ ಸಂಭವ ಹೆಚ್ಚು. ಎರಡನೆಯದು ಗುರಿಯಿಲ್ಲದೆ ಓಡಿರುತ್ತದೆ. ಕೆಲವು ಕಿಲೋಮೀಟರ್ ದಾಟಿದ ಮೇಲಷ್ಟೇ ನಿಂತಿರಲೂಬಹುದು, ಆ ಗಾಬರಿಯಲ್ಲಿ ಯಜಮಾನರನ್ನು ಕಂಡರೂ ಹತ್ತಿರ ಬಾರದಿರಬಹುದು.

ಹುಡುಕಾಟದ ಅಷ್ಟೂ ಹೊತ್ತು ಒಬ್ಬರು ಮನೆಯಲ್ಲೇ ಉಳಿಯಬೇಕು, ಗೇಟನ್ನು ಪ್ರಾಣಿ ನುಸುಳುವಷ್ಟು ತೆರೆದಿಡಬೇಕು, ಅದು ಮಲಗುತ್ತಿದ್ದ ಚಾದರವನ್ನೋ ಮನೆಯವರು ಉಟ್ಟು ಬಿಟ್ಟ ಬಟ್ಟೆಯನ್ನೋ ಬಾಗಿಲಿನ ಹೊರಗೆ ಹಾಸಬೇಕು. ಎಲ್ಲರೂ ಬೀದಿಯಲ್ಲಿರುವಾಗ ತಾನಾಗಿ ಮರಳಿದ ಪ್ರಾಣಿ ಮುಚ್ಚಿದ ಗೇಟು ಕಂಡು ಹಿಂದಿರುಗಿ ಹೋಗುವಂತಾಗಬಾರದು.

ತಂಡ ಕಟ್ಟುವುದು

ಮಕ್ಕಳ ತಂದೆತಾಯಿಯರ ಒಪ್ಪಿಗೆ ಪಡೆಯದೆ ಯಾವ ಮಗುವನ್ನೂ ಸೇರಿಸಿಕೊಳ್ಳಬಾರದು. ಎಂಟು ವರ್ಷದೊಳಗಿನವರು ಮನೆಯ ಬಳಿಯ ಠಾಣ್ಯದಲ್ಲಿದ್ದು ನಕ್ಷೆ ತುಂಬುವ ಕೆಲಸ ಮಾಡಲಿ. ಅದಕ್ಕಿಂತ ದೊಡ್ಡವರನ್ನು ಮೂವರು ಮೂವರಂತೆ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಹಿರಿಯರನ್ನು ಕೊಡಬೇಕು. ಮೂವರೇ ಏಕೆಂದರೆ, ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿದ್ದು ಇನ್ನೊಬ್ಬರು ಸಹಾಯಕ್ಕೆ ಓಡಬಹುದು. ಐದಾರು ಜನರ ಗುಂಪಾದರೆ ಮಾತು ಹೆಚ್ಚುತ್ತದೆ, ನೋಟ ಕಡಿಮೆಯಾಗುತ್ತದೆ. ಹಿರಿಯರ ಸಂಖ್ಯೆ ಕಡಿಮೆಯಿದ್ದರೆ ಗುಂಪುಗಳನ್ನೇ ಕಡಿಮೆ ಮಾಡಬೇಕು, ಹಿರಿಯರಿಲ್ಲದ ಗುಂಪನ್ನು ಕಳುಹಿಸಬಾರದು.

ಗುಂಪಿನೊಳಗೆ ಒಬ್ಬರು ನೆಲಮಟ್ಟವನ್ನು, ಎಂದರೆ ಕಾರಿನ ಅಡಿ, ಚರಂಡಿಯ ಕಲ್ಲುಚಪ್ಪಡಿಗಳ ಸಂದು, ಮೆಟ್ಟಿಲಿನ ಕೆಳಗಿನ ಜಾಗಗಳನ್ನು ನೋಡಲಿ. ಇನ್ನೊಬ್ಬರು ಮೇಲ್ಮಟ್ಟವನ್ನು, ಎಂದರೆ ಗೋಡೆ, ಮರ, ಕಿಟಕಿಯ ಮೇಲಿನ ಸಜ್ಜೆಗಳನ್ನು ನೋಡಲಿ. ಮೂರನೆಯವರು ನೋಟ್‌ಬುಕ್ ಹಿಡಿಯಲಿ. ಗಲಾಟೆ ಮಾಡುವ ಹುಡುಗನಿಗೆ ನೋಟ್‌ಬುಕ್ ಕೊಡುವುದು ಒಳ್ಳೆಯದು. ಜವಾಬ್ದಾರಿ ಬಂದೊಡನೆ ಅವನೇ ಉಳಿದವರನ್ನು ಸುಮ್ಮನಿರಿಸುತ್ತಾನೆ.

ಹೊರಡುವ ಮುನ್ನ ಕೆಲವು ಕಟ್ಟುಪಾಡುಗಳನ್ನು ಮಕ್ಕಳ ಬಾಯಲ್ಲೇ ಹೇಳಿಸಬೇಕು. ವಾಹನಗಳು ಹೆಚ್ಚು ಓಡಾಡುವ ಮೇನ್ ರೋಡನ್ನು ಹಿರಿಯರಿಲ್ಲದೆ ದಾಟುವುದಿಲ್ಲ. ಯಾರ ಮನೆಯೊಳಕ್ಕೂ, ಕಟ್ಟುತ್ತಿರುವ ಕಟ್ಟಡದೊಳಕ್ಕೂ ಕಾಲಿಡುವುದಿಲ್ಲ. ಚರಂಡಿ, ಪೊದೆ, ಬಿಲಗಳಿಗೆ ಕೈ ಹಾಕುವುದಿಲ್ಲ. ಟ್ರಾನ್ಸ್‌ಫಾರ್ಮರ್, ರಾಜಕಾಲುವೆ, ಬಾವಿಗಳ ಬಳಿ ಸುಳಿಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತೇವೆ. ಖಾಲಿ ಸೈಟುಗಳ ಪೊದೆಗಳಲ್ಲಿ ನಾಗರಹಾವು, ಕೊಳಕುಮಂಡಲಗಳಿರುವ ಸಾಧ್ಯತೆ ನಿಜವಾದದ್ದೇ ಆದ್ದರಿಂದ ಬೂಟು ಮತ್ತು ಉದ್ದ ಪ್ಯಾಂಟ್ ಕಡ್ಡಾಯ, ಅಂಥ ಸೈಟಿನೊಳಕ್ಕೆ ಕೋಲು ಹಿಡಿದು ಹೋಗುವವರು ಹಿರಿಯರು ಮಾತ್ರ. “ನಿಮ್ಮ ನಾಯಿ ನನ್ನ ಮನೆಯಲ್ಲಿದೆ, ಬಾ ತೋರಿಸುತ್ತೇನೆ” ಎಂದು ಅಪರಿಚಿತರು ಕರೆದರೆ ಮಗು ಹೋಗಕೂಡದು. ಜೊತೆಯ ಹಿರಿಯರನ್ನು ಕೂಗಿ ಕರೆಯಬೇಕು. ಕಾಣೆಯಾದ ಪ್ರಾಣಿಯ ನೆಪ ಮಕ್ಕಳನ್ನು ಸೆಳೆಯಲು ಬಹಳ ಸುಲಭವಾದ ನೆಪ ಎಂಬುದನ್ನು ಹೆದರಿಸದೆ, ಆದರೆ ಸ್ಪಷ್ಟವಾಗಿ ತಿಳಿಸಿರಬೇಕು.

ನಕ್ಷೆ

ಫೋನಿನ ನಕ್ಷೆಗಿಂತ ಮಕ್ಕಳು ಬರೆದ ನಕ್ಷೆ ಈ ಕೆಲಸಕ್ಕೆ ಹೆಚ್ಚು ಉಪಯುಕ್ತ. ದೊಡ್ಡ ಹಾಳೆಯ ನಡುವೆ ಮನೆಯನ್ನು ಗುರುತಿಸಿ, ಸುತ್ತಲಿನ ಮೇನ್ ಮತ್ತು ಕ್ರಾಸ್‌ಗಳನ್ನು ಎಳೆದು, ಫೋನಿನ ನಕ್ಷೆಯಲ್ಲಿ ಕಾಣದ ಸಂಗತಿಗಳನ್ನೆಲ್ಲ ತುಂಬಲು ಹೇಳಬೇಕು: ಎರಡು ಮನೆಗಳ ನಡುವೆ ಒಬ್ಬರೂ ಸರಿಯಾಗಿ ನಡೆಯಲಾಗದ ಸಂದು, ಬಾಡಿಗೆಗೆ ಖಾಲಿ ಬಿದ್ದಿರುವ ಮನೆ, ತೆರೆದ ಗ್ಯಾರೇಜು, ಮಾಂಸದ ಅಂಗಡಿ, ಕಸ ಸುರಿಯುವ ಮೂಲೆ, ಬೀದಿನಾಯಿಗಳಿಗೆ ಅನ್ನ ಹಾಕುವವರ ಮನೆ. ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗಿರುವ ಕನ್ಸರ್ವೆನ್ಸಿ ಓಣಿಗಳನ್ನು ಮರೆಯದೆ ಬರೆಯಬೇಕು; ಬೆಕ್ಕುಗಳು ಮುಂಬಾಗಿಲಿನ ರಸ್ತೆಗಿಂತ ಆ ಓಣಿಗಳಲ್ಲೇ ಹೆಚ್ಚು ಓಡಾಡುತ್ತವೆ.

ಪ್ರತಿ ಗುಂಪಿಗೂ ಎರಡು ಕ್ರಾಸ್‌ಗಳ ನಡುವಿನ ಒಂದು ತುಂಡನ್ನಷ್ಟೇ ಕೊಡಬೇಕು. ನೋಡಿ ಮುಗಿಸಿದ ಮನೆಗೆ ಹಸಿರು ಗುರುತು, ಬೀಗ ಹಾಕಿದ್ದ ಅಥವಾ ಒಳಗೆ ಬಿಡದ ಮನೆಗೆ ಕೆಂಪು ಗುರುತು. ಮರುದಿನದ ಕೆಲಸವೆಲ್ಲ ಕೆಂಪು ಗುರುತುಗಳಲ್ಲಿರುತ್ತದೆ, ಏಕೆಂದರೆ ಯಾರೂ ನೋಡದ ಜಾಗಗಳು ಅವೇ.

ಬೆಕ್ಕಾದರೆ

ಮನೆಯೊಳಗೇ ಬೆಳೆದ ಬೆಕ್ಕು ಹೊರಬಿದ್ದಾಗ ದೂರ ಹೋಗುವುದು ಕಡಿಮೆ. 2018ರಲ್ಲಿ ಪ್ರಕಟವಾದ, ಕಾಣೆಯಾದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ವಿವರಗಳನ್ನು ಕಲೆಹಾಕಿದ ಅಧ್ಯಯನವೊಂದರಲ್ಲಿ, ಸಿಕ್ಕಿದ ಬೆಕ್ಕುಗಳಲ್ಲಿ ಸುಮಾರು ಶೇ. 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವೆಂದು ಕಂಡುಬಂತು. ಹಾಗಾಗಿ ಬೆಕ್ಕಿನ ಹುಡುಕಾಟ ಅಗಲವಾಗಿರುವುದಕ್ಕಿಂತ ಆಳವಾಗಿರಬೇಕು: ಹತ್ತು ಬೀದಿಗಳನ್ನು ಸುತ್ತಿ ಬರುವುದಕ್ಕಿಂತ ಅಕ್ಕಪಕ್ಕ ಮತ್ತು ಹಿಂದುಮುಂದಿನ ಹತ್ತು ಮನೆಗಳ ಒಂದೊಂದು ಮೂಲೆಯನ್ನೂ ನೋಡುವುದು ಲೇಸು.

ಹೆದರಿದ ಬೆಕ್ಕು ಕೂಗಿಗೆ ಓಗೊಡುವುದಿಲ್ಲ. ಸದ್ದು ಮಾಡಿದರೆ ಶತ್ರುವಿಗೆ ಸಿಕ್ಕಿಬೀಳುತ್ತೇನೆಂಬುದು ಅದರ ಹುಟ್ಟರಿವು. ಯಜಮಾನರು ಮೂರು ಅಡಿ ದೂರದಲ್ಲಿ ನಿಂತು ಕರೆದರೂ ಅದು ಉಸಿರು ಬಿಗಿಹಿಡಿದು ಕುಳಿತಿರಬಹುದು. ಆದ್ದರಿಂದ ನೆರೆಯವರನ್ನು “ನಮ್ಮ ಬೆಕ್ಕನ್ನು ಕಂಡಿರಾ?” ಎಂದು ಕೇಳಿ ಇಲ್ಲವೆಂದಾಗ ಹಿಂದಿರುಗುವುದು ಹುಡುಕಾಟವೇ ಅಲ್ಲ. ಒಳಗೆ ಬಂದು ನೋಡಲು ಅನುಮತಿ ಕೇಳಬೇಕು. ಮಕ್ಕಳಿಗೆ ಈ ಮಾತನ್ನು ಕಲಿಸಬಹುದು: “ನಮಸ್ಕಾರ ಅಜ್ಜಿ. ಮೂರನೇ ಮನೆಯ ಬೂದು ಬೆಕ್ಕು ನಿನ್ನೆ ಸಂಜೆಯಿಂದ ಬಂದಿಲ್ಲ. ಅದು ಹೆದರಿ ಎಲ್ಲೋ ಅಡಗಿರಬಹುದು. ನಮ್ಮ ಜೊತೆ ಬಂದಿರುವ ಆಂಟಿ ನಿಮ್ಮ ಹಿತ್ತಿಲನ್ನು ಒಮ್ಮೆ ನೋಡಬಹುದಾ?” ದೊಡ್ಡವರು ಒಬ್ಬರೇ ಹೋಗಿ ಕೇಳಿದರೆ ಅನುಮಾನಿಸುವ ಮನೆಯವರೂ ಮಕ್ಕಳು ಹೀಗೆ ಕೇಳಿದಾಗ ಗೇಟು ತೆರೆಯುತ್ತಾರೆ, ಮಕ್ಕಳ ತಂಡದಿಂದ ಆಗುವ ದೊಡ್ಡ ಲಾಭ ಇದೇ.

ನಿಂತ ಕಾರುಗಳನ್ನು ಅಡಿಯಲ್ಲಷ್ಟೇ ನೋಡಿದರೆ ಸಾಲದು. ಬೆಕ್ಕುಗಳು, ಅದರಲ್ಲೂ ಮರಿಗಳು, ಚಕ್ರದ ಮೇಲಿನಿಂದ ಎಂಜಿನ್ನಿನ ಬೆಚ್ಚನೆಯ ಜಾಗಕ್ಕೆ ಹತ್ತಿ ಕೂರುತ್ತವೆ. ಬೆಳಿಗ್ಗೆ ಕಾರು ತೆಗೆಯುವ ಮುನ್ನ ಬಾನೆಟ್ಟನ್ನು ಒಮ್ಮೆ ತಟ್ಟುವಂತೆ ಆ ಬೀದಿಯವರಿಗೆಲ್ಲ ಹೇಳಿಬಿಡಬೇಕು.

ಬೀದಿ ನಿಶ್ಶಬ್ದವಾದ ಮೇಲೆ, ರಾತ್ರಿ ಹತ್ತರ ನಂತರ ಅಥವಾ ಬೆಳಗಿನ ಜಾವದಲ್ಲಿ, ಮನೆಯ ಹಿರಿಯರು ಟಾರ್ಚನ್ನು ತಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದು ನಿಧಾನವಾಗಿ ನಡೆಯಬೇಕು. ಬೆಕ್ಕಿನ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಕತ್ತಲಿನಲ್ಲಿ ಎರಡು ಹೊಳೆಯುವ ಚುಕ್ಕೆಗಳು ದೂರದಿಂದಲೇ ಕಾಣುತ್ತವೆ. ಹಗಲಿನಲ್ಲಿ ಹತ್ತು ಬಾರಿ ಹಾದುಹೋದ ಜಾಗದಲ್ಲೇ ರಾತ್ರಿ ಬೆಕ್ಕು ಕಾಣಸಿಗುವುದು ಇದರಿಂದಲೇ. ಈ ಸುತ್ತಿಗೆ ಮಕ್ಕಳು ಬೇಡ. ಅವರು ಹಗಲಿನಲ್ಲಿ ಬರೆದ ನಕ್ಷೆ ಜೊತೆಗಿದ್ದರೆ ಸಾಕು.

ನಾಯಿಯಾದರೆ

ನಾಯಿಯ ವಿಷಯದಲ್ಲಿ ಮೂಲೆಗಳಿಗಿಂತ ಜನ ಮುಖ್ಯ, ಏಕೆಂದರೆ ನಾಯಿ ಓಡಾಡುತ್ತಿರುತ್ತದೆ ಮತ್ತು ಯಾರಾದರೂ ಅದನ್ನು ಕಂಡೇ ಇರುತ್ತಾರೆ. ಹಾಲು ಹಾಕುವವರು, ಪೇಪರ್ ಹುಡುಗರು, ಪೌರಕಾರ್ಮಿಕರು, ಕಸದ ಆಟೋದವರು, ಇಸ್ತ್ರಿ ಗಾಡಿಯವರು, ಹೂವು ಮಾರುವವರು, ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರು, ಆಟೋ ಸ್ಟ್ಯಾಂಡಿನವರು ಇವರೇ ಬೀದಿಯನ್ನು ದಿನವಿಡೀ ನೋಡುವವರು. ಮಕ್ಕಳು ಶಾಲೆಗೆ ಹೊರಡುವ ಮುನ್ನ ಹಾಲು ಮತ್ತು ಪೇಪರಿನವರನ್ನು ಮಾತಾಡಿಸಿದರೆ ರಾತ್ರಿಯ ಸಮಾಚಾರ ಸಿಗುತ್ತದೆ.

ಕೇಳುವ ರೀತಿಯಲ್ಲೂ ಎಚ್ಚರ ಬೇಕು. “ಕಪ್ಪು ಕಿವಿಯ ಬಿಳಿ ನಾಯಿ ಈ ಕಡೆ ಹೋಯಿತಾ?” ಎಂದರೆ, ಮಗುವಿನ ಮುಖ ನೋಡಿ ಮರುಗಿದವರು “ಹೌದು, ಹೋದಂಗಿತ್ತು” ಎಂದುಬಿಡುತ್ತಾರೆ. “ಅಣ್ಣ, ಇವತ್ತು ಈ ಬೀದಿಗೆ ಯಾವುದಾದರೂ ಹೊಸ ನಾಯಿ ಬಂದಿತ್ತಾ? ಯಾವ ಬಣ್ಣ? ಯಾವ ಕಡೆ ಹೋಯಿತು?” ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಕೊನೆಗೆ ಫೋಟೋ ತೋರಿಸಬೇಕು. ಪ್ರತಿ ಉತ್ತರದ ಜೊತೆ ಗಂಟೆಯನ್ನೂ ದಿಕ್ಕನ್ನೂ ಬರೆಯಬೇಕು. ಸಂಜೆ ಎಲ್ಲ ಗುಂಪುಗಳ ನೋಟ್‌ಬುಕ್‌ಗಳನ್ನು ನಕ್ಷೆಯ ಮೇಲಿಟ್ಟಾಗ, ಬಿಡಿಬಿಡಿಯಾಗಿ ಅರ್ಥವಿಲ್ಲದ ಉತ್ತರಗಳು ಒಂದು ದಾರಿಯಾಗಿ ಕೂಡಿಕೊಳ್ಳುವುದುಂಟು.

ಬೀದಿನಾಯಿಗಳ ಬೊಗಳುವಿಕೆಯೂ ಒಂದು ಸುಳಿವೇ. ತಮ್ಮ ಎಲ್ಲೆಯೊಳಗೆ ಅಪರಿಚಿತ ನಾಯಿ ಕಾಲಿಟ್ಟಾಗ ಅವು ಒಮ್ಮೆಗೇ ಎದ್ದು ಗಲಾಟೆ ಮಾಡುತ್ತವೆ, ಮುಂದಿನ ಬೀದಿಯವು ಅದನ್ನು ಮುಂದುವರಿಸುತ್ತವೆ. ರಾತ್ರಿ ಯಾವ ಹೊತ್ತಿನಲ್ಲಿ ಯಾವ ಕಡೆಯಿಂದ ಅಂಥ ಗಲಾಟೆ ಕೇಳಿಸಿತೆಂದು ಪ್ರತಿ ಮನೆಯ ಮಗುವೂ ಬರೆದಿಟ್ಟರೆ ಮರುದಿನ ಎಲ್ಲಿಂದ ಆರಂಭಿಸಬೇಕೆಂದು ಊಹಿಸಬಹುದು. ಆದರೆ ಆ ನಾಯಿಗಳ ಗುಂಪಿನ ಹತ್ತಿರ, ವಿಶೇಷವಾಗಿ ಮರಿ ಹಾಕಿದ ತಾಯಿನಾಯಿಯ ಹತ್ತಿರ, ಮಕ್ಕಳು ಹೋಗಬಾರದು.

ಕೊರಳಪಟ್ಟಿ ಕಳಚಿದ ನಾಡುನಾಯಿಯಾಗಿದ್ದರೆ ಇನ್ನೊಂದು ಸಾಧ್ಯತೆಯಿದೆ: ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬೀದಿನಾಯಿಗಳನ್ನು ಒಯ್ಯುವ ವಾಹನ ಅದನ್ನೂ ಒಯ್ದಿರಬಹುದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಹಾಗೆ ಒಯ್ದ ಬೀದಿನಾಯಿಗಳನ್ನು ಚಿಕಿತ್ಸೆಯ ನಂತರ ಹಿಡಿದ ಜಾಗಕ್ಕೇ ತಂದು ಬಿಡಬೇಕು. ಆದರೂ ಕಾಯುತ್ತ ಕೂರದೆ, ಪಾಲಿಕೆಯ ಪಶುವೈದ್ಯ ವಿಭಾಗವನ್ನೂ ಸಮೀಪದ ಶಸ್ತ್ರಚಿಕಿತ್ಸಾ ಕೇಂದ್ರವನ್ನೂ ಹಿರಿಯರೊಬ್ಬರು ಫೋಟೋ ಸಮೇತ ಖುದ್ದಾಗಿ ವಿಚಾರಿಸಬೇಕು. ಬೆಂಗಳೂರಿನಲ್ಲಿ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಿಗೂ ಹತ್ತಿರದ ಪಶು ಆಸ್ಪತ್ರೆಗಳಿಗೂ ವಿವರ ಕೊಟ್ಟಿಡಬೇಕು. ಚರ್ಮದಡಿ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಗಳ ಸಂಖ್ಯೆಯನ್ನೂ ತಿಳಿಸಬೇಕು. ಚಿಪ್ ಇದ್ದರೆ ನಾಯಿ ಎಲ್ಲಿದೆಯೆಂದು ಫೋನಿನಲ್ಲಿ ಕಾಣಿಸುತ್ತದೆಂಬುದು ತಪ್ಪು ಕಲ್ಪನೆ. ಸ್ಕ್ಯಾನರನ್ನು ಮೈಯ ಹತ್ತಿರ ಹಿಡಿದಾಗಷ್ಟೇ ಅದರ ಸಂಖ್ಯೆ ಓದಲು ಬರುತ್ತದೆ.

ಪ್ರಕಟಣೆ

ಮಕ್ಕಳಿಗೆ ಅತ್ಯಂತ ಪ್ರಿಯವಾದ ಹಂತ ಇದು. ಕಾಗದದ ಮೇಲ್ಭಾಗದಲ್ಲಿ ಸ್ಕೂಟರಿನಲ್ಲಿ ಹೋಗುವವರಿಗೂ ಓದಲು ಬರುವಷ್ಟು ದಪ್ಪಕ್ಷರದಲ್ಲಿ “ನಾಯಿ ಕಾಣೆಯಾಗಿದೆ” ಎಂದಿರಲಿ. ಅದರ ಕೆಳಗೆ ಇಡೀ ದೇಹ ಕಾಣುವ ಇತ್ತೀಚಿನ ಒಂದೇ ಫೋಟೋ, ಬಣ್ಣ, ಗಾತ್ರ, ಕಾಣೆಯಾದ ಜಾಗ ಮತ್ತು ದಿನ, ಮನೆಯ ಹಿರಿಯರೊಬ್ಬರ ಫೋನ್ ಸಂಖ್ಯೆ. ಮಕ್ಕಳ ಹೆಸರು, ಅವರ ಫೋನ್ ಸಂಖ್ಯೆ, ಮನೆಯ ಪೂರ್ತಿ ವಿಳಾಸ ಬೇಡ. ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು: “ಕಂಡರೆ ದಯವಿಟ್ಟು ಅಟ್ಟಿಸಿಕೊಂಡು ಹೋಗಬೇಡಿ; ಕಂಡ ಜಾಗ, ಸಮಯ ತಿಳಿಸಿ, ಸಾಧ್ಯವಾದರೆ ಫೋಟೋ ತೆಗೆಯಿರಿ.” ಕನ್ನಡದ ಜೊತೆಗೆ ಆ ಬೀದಿಯಲ್ಲಿ ಕೆಲಸ ಮಾಡುವವರು ಓದುವ ಭಾಷೆ ಯಾವುದಿದೆಯೋ ಅದರಲ್ಲೂ, ಅದು ತಮಿಳಿರಲಿ, ತೆಲುಗಿರಲಿ, ಉರ್ದು ಅಥವಾ ಹಿಂದಿಯಿರಲಿ, ಎರಡು ಸಾಲು ಬರೆಸಬೇಕು.

ಪ್ರಾಣಿಯ ಒಂದು ಗುರುತನ್ನು, ಹೊಟ್ಟೆಯ ಮೇಲಿನ ಮಚ್ಚೆ ಅಥವಾ ವಕ್ರವಾದ ಉಗುರಿನಂಥದ್ದನ್ನು, ಎಲ್ಲೂ ಪ್ರಕಟಿಸದೆ ಉಳಿಸಿಕೊಳ್ಳಬೇಕು. “ನಿಮ್ಮ ನಾಯಿ ನಮ್ಮಲ್ಲಿದೆ, ಮೊದಲು ಹಣ ಕಳುಹಿಸಿ” ಎಂದು ಕರೆ ಮಾಡಿದವರನ್ನು ಆ ಗುರುತು ಕೇಳಿದರೆ ನಿಜ ತಿಳಿಯುತ್ತದೆ. ಪ್ರಾಣಿಯನ್ನು ಕಣ್ಣಾರೆ ಕಾಣುವವರೆಗೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಬಹುಮಾನದ ಮೊತ್ತವನ್ನು ಕಾಗದದ ಮೇಲೆ ಮುದ್ರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ದೊಡ್ಡ ಮೊತ್ತ ಕಂಡ ಯುವಕರು ನಾಯಿಯನ್ನು ಬೆನ್ನಟ್ಟತೊಡಗುತ್ತಾರೆ, ಅದು ರಸ್ತೆಗೆ ನುಗ್ಗುತ್ತದೆ.

ಪ್ರಕಟಣೆಯನ್ನು ಕಂಡಕಂಡ ಗೋಡೆಗೆ, ವಿದ್ಯುತ್ ಕಂಬಕ್ಕೆ ಅಂಟಿಸುವಂತಿಲ್ಲ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅದು ಅಪರಾಧ. ದಿನಸಿ ಅಂಗಡಿ, ಬೇಕರಿ, ಮೆಡಿಕಲ್ ಶಾಪ್, ದರ್ಶಿನಿ, ಹಾಲಿನ ಬೂತ್, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡುಗಳಲ್ಲಿ ಮಾಲೀಕರನ್ನು ಕೇಳಿ ಒಳಭಾಗದಲ್ಲಿ ಹಾಕಿಸಿದರೆ ಮಳೆಗೂ ನೆನೆಯುವುದಿಲ್ಲ, ಅಂಗಡಿಯವರೇ ಗಿರಾಕಿಗಳಿಗೆ ವಿಷಯ ಹೇಳುತ್ತಾರೆ. ಬಡಾವಣೆಯ ವಾಟ್ಸ್ಯಾಪ್ ಗುಂಪುಗಳಿಗೆ ಅದೇ ಕಾಗದದ ಚಿತ್ರವನ್ನು ದಿನಾಂಕದೊಡನೆ ಒಮ್ಮೆ ಹಾಕಿದರೆ ಸಾಕು. ದಿನಾಂಕವಿಲ್ಲದ ಚಿತ್ರ ಪ್ರಾಣಿ ಸಿಕ್ಕು ವರ್ಷವಾದರೂ ಸುತ್ತುತ್ತಲೇ ಇರುತ್ತದೆ.

ಕಂಡಾಗ

ಪ್ರಾಣಿ ಕಣ್ಣಿಗೆ ಬಿದ್ದ ಕ್ಷಣ ಮಕ್ಕಳು ಮಾಡಬೇಕಾದದ್ದು ನಿಲ್ಲುವುದು. ಕೂಗದೆ, ಓಡದೆ, ಬೆರಳು ತೋರಿಸದೆ ನಿಂತು, ಗುಂಪಿನ ಒಬ್ಬರು ಹಿರಿಯರಿಗೆ ತಿಳಿಸಬೇಕು, ಉಳಿದವರು ಅದು ಯಾವ ಕಡೆ ಸರಿಯುತ್ತದೆಂದು ನೋಡುತ್ತಿರಬೇಕು. ಹೇಳಲು ಸುಲಭವಾದ, ಮಾಡಲು ಬಹಳ ಕಷ್ಟವಾದ ಕೆಲಸವಿದು. ಹೊರಡುವ ಮುನ್ನ ಒಂದು ಮಗುವನ್ನು ನಾಯಿಯ ಪಾತ್ರದಲ್ಲಿ ನಿಲ್ಲಿಸಿ ಎರಡು ಬಾರಿ ಆಟವಾಡಿಸಿ ಅಭ್ಯಾಸ ಮಾಡಿಸುವುದು ಉತ್ತಮ.

ನಾಯಿಯಾದರೆ, ಅದು ಹೆಚ್ಚು ನಂಬುವ ಹಿರಿಯರೊಬ್ಬರೇ ಮುಂದೆ ಹೋಗಿ, ಅದಕ್ಕೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಕಣ್ಣಿಗೆ ಕಣ್ಣು ಕೊಡದೆ, ಬೇಯಿಸಿದ ಕೋಳಿ ಅಥವಾ ಮೊಟ್ಟೆಯಂಥ ವಾಸನೆಯ ತಿನಿಸನ್ನು ಸ್ವಲ್ಪ ಸ್ವಲ್ಪವೇ ಎಸೆಯುತ್ತ ಕಾಯಬೇಕು. ಇನ್ನೊಬ್ಬ ಹಿರಿಯರು ಮೇನ್ ರೋಡಿನ ಕಡೆ ನಿಂತು ವಾಹನಗಳನ್ನು ನಿಧಾನಿಸಬೇಕು. ಎಲ್ಲ ದಾರಿಗಳನ್ನೂ ಮುಚ್ಚಿ ಮೂಲೆಗೆ ಒತ್ತರಿಸಿದರೆ ಸಾಧು ನಾಯಿಯೂ ಕಚ್ಚುತ್ತದೆ. ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಬೀದಿ ದಾಟುವ ಸಾಹಸ ಬೇಡ. ದಪ್ಪ ಟವೆಲ್ ಹೊದಿಸಿ ಮುಚ್ಚಳವಿರುವ ಬುಟ್ಟಿಗೋ ಪೆಟ್ಟಿಗೆಗೋ ಸೇರಿಸಿಯೇ ಒಯ್ಯಬೇಕು.

ಕಚ್ಚಿದರೆ, ಪರಚಿದರೆ

ಯಾವುದೇ ನಾಯಿ ಅಥವಾ ಬೆಕ್ಕು, ಅದು ಮನೆಯದೇ ಆಗಿರಲಿ, ಕಚ್ಚಿದರೆ ಅಥವಾ ಚರ್ಮ ಹರಿಯುವಂತೆ ಪರಚಿದರೆ, ಗಾಯವನ್ನು ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ವೈದ್ಯರ ಬಳಿ ಹೋಗಿ ರೇಬೀಸ್ ಲಸಿಕೆಯನ್ನು ಆರಂಭಿಸಿ, ಅವರು ಹೇಳಿದ ಎಲ್ಲ ದಿನಗಳಂದೂ ತಪ್ಪದೆ ಹಾಕಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ರಕ್ತ ಬಂದ ಗಾಯವಾದರೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದಿನ ಬಗ್ಗೆಯೂ ಕೇಳಬೇಕು. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರ ಅಪರೂಪ. ಬೈಗುಳಕ್ಕೆ ಹೆದರಿ ಮಕ್ಕಳು ಪರಚಿದ ಗಾಯವನ್ನು ಮುಚ್ಚಿಡುತ್ತಾರೆ. “ಏನಾದರೂ ಆದರೆ ಹೇಳಿ, ಯಾರೂ ಬೈಯುವುದಿಲ್ಲ” ಎಂಬ ಮಾತನ್ನು ಹೊರಡುವ ಮುನ್ನವೇ ಎಲ್ಲರ ಎದುರು ಹೇಳಿರಬೇಕು, ಹುಡುಕಾಟದ ನಂತರ ಪ್ರತಿ ಮಗುವಿನ ಕೈಕಾಲುಗಳನ್ನು ನೋಡಿಯೇ ಮನೆಗೆ ಕಳುಹಿಸಬೇಕು.

ದಿನಗಳು ಕಳೆದರೂ ಸಿಗದಿದ್ದರೆ

ಮೊದಲ ಮೂರ್ನಾಲ್ಕು ದಿನಗಳ ನಂತರ ಮಕ್ಕಳ ಉತ್ಸಾಹ ಇಳಿಯುವುದು ಸಹಜ, ಅದಕ್ಕಾಗಿ ಅವರನ್ನು ಬೈಯಬಾರದು. ದಿನದ ಸುತ್ತನ್ನು ವಾರಾಂತ್ಯದ ಸುತ್ತಾಗಿಸಿ, ಕೆಂಪು ಗುರುತಿನ ಮನೆಗಳನ್ನು ಮತ್ತೆ ನೋಡಿ, ಅಂಗಡಿಗಳಲ್ಲಿ ಮಾಸಿದ ಕಾಗದಗಳನ್ನು ಬದಲಿಸಿದರೆ ಹುಡುಕಾಟ ಜೀವಂತವಾಗಿರುತ್ತದೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೂ ಬೆಕ್ಕುಗಳು ಸಿಕ್ಕಿರುವುದುಂಟು.

ರಸ್ತೆಬದಿಯಲ್ಲಿ ಸತ್ತ ಪ್ರಾಣಿಯೊಂದು ಕಂಡರೆ ಮಕ್ಕಳು ಹತ್ತಿರ ಹೋಗದೆ, ಫೋಟೋ ತೆಗೆಯದೆ ಹಿರಿಯರನ್ನು ಕರೆಯಬೇಕು. ಅದು ಯಾರದೆಂದು ನೋಡುವ ಕೆಲಸ ಹಿರಿಯರದು. ಪೌರಕಾರ್ಮಿಕರ ಬಳಿ ಈ ವಿಚಾರವನ್ನು ಮಕ್ಕಳಿಲ್ಲದಾಗ ಕೇಳಬೇಕು. ಕೆಟ್ಟ ಸುದ್ದಿಯೇ ಆದರೆ ತಂಡದ ಮಕ್ಕಳಿಗೆ ಅದನ್ನು ಇದ್ದಂತೆ ಹೇಳಬೇಕು. “ಯಾರೋ ಒಳ್ಳೆಯವರ ಮನೆ ಸೇರಿದೆಯಂತೆ” ಎಂಬ ಸುಳ್ಳನ್ನು ನಂಬಿ ಮಕ್ಕಳು ತಿಂಗಳುಗಟ್ಟಲೆ ಆ ಮನೆಯನ್ನು ಹುಡುಕುತ್ತಾರೆ.

ಪ್ರಾಣಿ ಸಿಕ್ಕರೆ ಆ ದಿನ ಅದನ್ನು ನೋಡಲು ಇಡೀ ತಂಡ ಒಟ್ಟಿಗೆ ನುಗ್ಗುವುದು ಬೇಡ. ಒಂದು ಕೋಣೆಯಲ್ಲಿಟ್ಟು, ನೀರನ್ನೂ ಆಹಾರವನ್ನೂ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಗಾಯ ಮತ್ತು ಉಣ್ಣಿಗಳನ್ನು ನೋಡಿ, ಪಶುವೈದ್ಯರಿಗೆ ತೋರಿಸಿ ಲಸಿಕೆಗಳ ದಿನಾಂಕವನ್ನು ಪರಿಶೀಲಿಸಬೇಕು. ಮಕ್ಕಳು ಮರುದಿನ ಇಬ್ಬಿಬ್ಬರಾಗಿ ಬಂದು ನೋಡಬಹುದು. ಅದೇ ಸಂಜೆ ಪ್ರತಿ ಗುಂಪೂ ತಾನು ಹಾಕಿಸಿದ ಕಾಗದಗಳನ್ನು ತೆಗೆದು, ಅಂಗಡಿಯವರಿಗೆ ಧನ್ಯವಾದ ಹೇಳಿ, ವಾಟ್ಸ್ಯಾಪ್ ಗುಂಪುಗಳಲ್ಲಿ ಹಳೆಯ ಸಂದೇಶಕ್ಕೇ ಉತ್ತರವಾಗಿ “ಸಿಕ್ಕಿದೆ” ಎಂದು ದಿನಾಂಕದೊಡನೆ ಹಾಕಿಸಬೇಕು. ಆಸ್ಪತ್ರೆ, ಸಂಸ್ಥೆ ಮತ್ತು ಪಾಲಿಕೆಯ ಕಚೇರಿಗೂ ತಿಳಿಸಿದ ಮೇಲೆ, ಪ್ರಾಣಿ ತಪ್ಪಿಸಿಕೊಂಡ ಜಾಗವನ್ನು, ಅದು ಗೇಟಿನ ಸಂದಾಗಿರಲಿ, ಬಾಲ್ಕನಿಯ ಜಾಲರಿಯಾಗಿರಲಿ, ಅದೇ ವಾರದಲ್ಲಿ ಮುಚ್ಚಿಸಿ, ಕೊರಳಪಟ್ಟಿಗೆ ಫೋನ್ ಸಂಖ್ಯೆಯ ಬಿಲ್ಲೆಯನ್ನು ಹಾಕಿಸಬೇಕು.